ಗೋಮಾಳದ ನಾಲ್ಕು ಸುತ್ತು

ಸೊರಬದ ಉಜ್ಜಪ್ಪ ಮೇಷ್ಟ್ರಿಗೆ ಯಾರನ್ನು ಕಂಡರೂ ಅಳೆಯುವ ಚಾಳಿ. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಎದುರು ಸಾಲಿನವರಲ್ಲಿ ಯಾರು ಕೈ ಊರದೆ ಏಳುತ್ತಾರೆ, ಯಾರು ಪಕ್ಕದವರ ಭುಜ ಹಿಡಿಯುತ್ತಾರೆ ಎಂದು ನೋಡುತ್ತಾ ಪಾಯಸ ಆರಿಸಿಕೊಳ್ಳುತ್ತಿದ್ದರು. ಹೊರಟ ಬಸ್ಸಿನ ಹಿಂದೆ ಯಾರಾದರೂ ಓಡಿದರೆ, "ಮೂವತ್ತು ಮೀಟರಿಗೆ ಆರು ಸೆಕೆಂಡು, ಅಡ್ಡಿಲ್ಲ" ಎಂದು ಗೊಣಗುತ್ತಿದ್ದರು. "ನನ್ನನ್ನ ನೋಡಕ್ಕೆ ಬಂದಾಗ್ಲೂ ಇವರು ಮುಖ ನೋಡ್ಲಿಲ್ಲ, ನಡಿಗೆ ನೋಡಿದ್ರು" ಎಂದು ಹೆಂಡತಿ ದುರುಗಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು. ಆಗ ನಗುವುದಕ್ಕೆ ಏನೂ ತೊಂದರೆ ಇರಲಿಲ್ಲ.

ಅಳತೆ ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ಹುಚ್ಚರಾಯಪ್ಪ ಸರ್ವೆ ಕಚೇರಿಯಲ್ಲಿ ಸರಪಳಿ ಹಿಡಿಯುವ ಕೆಲಸದಲ್ಲಿದ್ದವರು. ಮೂವತ್ತಮೂರು ಅಡಿ ಉದ್ದದ ಕಬ್ಬಿಣದ ಸರಪಳಿ, ಎರಡು ತುದಿಗೂ ಹಿತ್ತಾಳೆಯ ಹಿಡಿ, ನಡುವೆ ಹದಿನಾರು ತುಂಡು. ಒಂದೊಂದು ತುಂಡಿಗೆ ಒಂದು ಆಣೆ ಎನ್ನುತ್ತಿದ್ದರು. ಅಷ್ಟುದ್ದ ಅಷ್ಟಗಲದ ನೆಲವೇ ಒಂದು ಗುಂಟೆ. ಅಣ್ಣತಮ್ಮಂದಿರು ಹಿಸ್ಸೆಗಾಗಿ ಕುಡುಗೋಲು ಹಿಡಿದು ನಿಂತ ಕಡೆಯೂ ಹುಚ್ಚರಾಯಪ್ಪ ಸರಪಳಿ ಎಳೆದು, ಗೂಟ ಹೊಡೆದು, "ಇಲ್ಲಿಗೆ ನಿಂದು, ಅಲ್ಲಿಂದ ಅವಂದು" ಎಂದರೆ ಗಲಾಟೆ ಮುಗಿಯುತ್ತಿತ್ತು. ಕಚೇರಿಗೆ ಹೊಸ ಟೇಪು ಬಂದು ಹಳೇ ಸರಪಳಿಗಳನ್ನು ಮೂಲೆಗೆ ಎಸೆದಾಗ ಅವರು ಕೇಳಿಕೊಂಡು ಒಂದನ್ನು ಮನೆಗೆ ತಂದರು. "ಸರ್ಕಾರದ ಸರಪಳಿ ಕಣೋ ಉಜ್ಜಾ, ಇದ್ರ ಮುಂದೆ ಯಾರ ಮಾತೂ ನಡೆಯಲ್ಲ" ಎಂದು ಮಗನಿಗೆ ಹೇಳುತ್ತಿದ್ದರು.

ಮಗ ದೈಹಿಕ ಶಿಕ್ಷಣದ ತರಬೇತಿ ಮುಗಿಸಿ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಪಿ.ಟಿ. ಮೇಷ್ಟ್ರಾದ. ಆ ಶಾಲೆಯಲ್ಲಿ ಆಟದ ಸಾಮಾನೆಂದರೆ ಗಾಳಿ ಹೋದ ಎರಡು ಫುಟ್‌ಬಾಲು ಮತ್ತು ಒಂದು ಶಿಳ್ಳೆ. ಮೈದಾನವೇ ಇರಲಿಲ್ಲ. ಊರಾಚೆ ದನ ಮೇಯುವ ಗೋಮಾಳವನ್ನೇ ಮೈದಾನ ಮಾಡಿಕೊಳ್ಳೋಣ ಎಂದು ಹೊರಟಾಗ ಅಳೆಯಲು ಟೇಪಿಲ್ಲ. ಅಪ್ಪ ಅಟ್ಟದಿಂದ ಸರಪಳಿ ಇಳಿಸಿದರು. ತೊಂಬತ್ತೊಂಬತ್ತನೇ ಇಸವಿಯ ಒಂದು ಬೆಳಿಗ್ಗೆ ಅಪ್ಪ ಒಂದು ಹಿಡಿ, ಮಗ ಒಂದು ಹಿಡಿ ಹಿಡಿದು ಗೋಮಾಳದ ಸುತ್ತ ನಡೆದರು. ಬಾಗುವ ಕಡೆ ಗೂಟ ಹೊಡೆದರು. ನಲವತ್ತು ಸರಪಳಿಯಲ್ಲಿ ಏಳೂವರೆ ಅಡಿ ಕಳೆದರೆ ನಾನೂರು ಮೀಟರ್. ಲೆಕ್ಕದಲ್ಲಿ ತಪ್ಪಿರಲಿಲ್ಲ, ಬೇಕಾದವರು ಈಗಲೂ ಹಾಕಿ ನೋಡಬಹುದು. ಅಳೆದ ಜಾಗಕ್ಕೆ ಕಲ್ಲು ನೆಟ್ಟು ಸುಣ್ಣ ಬಳಿದರು. ನಾಲ್ಕು ಸುತ್ತಿಗೆ ಸಾವಿರದ ಆರುನೂರು ಮೀಟರ್. ಪೊಲೀಸ್ ಕೆಲಸಕ್ಕೆ ಹೋಗುವ ಹುಡುಗರು ಆರೂವರೆ ನಿಮಿಷದಲ್ಲಿ ಓಡಿ ಮುಗಿಸಬೇಕಾದ ದೂರ ಅದು.

ಶಾಲೆಯ ಹುಡುಗರಿಗೆಂದು ಮಾಡಿದ ಮೈದಾನಕ್ಕೆ ಒಂದೆರಡು ವರ್ಷದಲ್ಲಿ ಸುತ್ತಲ ಊರಿನ ಹುಡುಗರೆಲ್ಲ ಬರತೊಡಗಿದರು. ಪೊಲೀಸ್, ಅರಣ್ಯ ಇಲಾಖೆ, ಸೈನ್ಯ, ಯಾವುದಾದರೂ ಸರಿ, ಒಂದು ಸಮವಸ್ತ್ರ ಮೈಮೇಲೆ ಬಿದ್ದರೆ ಸಾಕು ಎನ್ನುವವರು. ಮೇಷ್ಟ್ರು ಬೆಳಿಗ್ಗೆ ಐದೂವರೆಗೇ ಗೋಮಾಳದಲ್ಲಿರುತ್ತಿದ್ದರು. ಯಾರಿಂದಲೂ ಏನೂ ಮುಟ್ಟಲಿಲ್ಲ. ಒಂದೇ ಕರಾರು, ಹೊಸಬ ಬಂದ ದಿನ ಅವನ ಮೈ ಅಳೆಯಬೇಕು.

"ಗಟ್ಟಿಮುಟ್ಟು ಅಂದ್ರೆ ತೋಳು ದಪ್ಪ ಇರೋದಲ್ಲ ಮಾರಾಯ, ಅದರಲ್ಲಿ ಐದು ಬಗೆ ಇದೆ" ಎಂದು ಪಾಠ ಶುರುವಾಗುತ್ತಿತ್ತು. ವೇಗಕ್ಕೆ ಐವತ್ತು ಮೀಟರ್ ಓಟ. ಬಲಕ್ಕೆ ಹುಣಸೇ ಮರದ ಕೊಂಬೆಗೆ ಕಟ್ಟಿದ ಕಬ್ಬಿಣದ ಕೊಳವೆ, ಅದಕ್ಕೆ ಜೋತು ಗದ್ದ ಕೊಳವೆಗೆ ಮುಟ್ಟಿಸಬೇಕು. ಎಂಥ ಪೈಲ್ವಾನನೂ ಮೊದಲ ದಿನ ನಾಲ್ಕಕ್ಕೇ ಕೆಳಗೆ ಬೀಳುತ್ತಿದ್ದ. ಬಾಗುವಿಕೆಗೆ ಹಣ್ಣಿನ ಪೆಟ್ಟಿಗೆಯೊಂದಕ್ಕೆ ಅಳತೆಪಟ್ಟಿ ಅಂಟಿಸಿದ್ದರು. ಕಾಲು ಚಾಚಿ ಕೂತು, ಪಾದ ಪೆಟ್ಟಿಗೆಗೆ ಒತ್ತಿ, ಮಂಡಿ ಮಡಚದೆ ಬೆರಳು ಎಲ್ಲಿಗೆ ಹೋಗುತ್ತದೋ ನೋಡುವುದು. ಗದ್ದೆ ನಾಟಿ ಮಾಡುವ ಹೆಣ್ಣುಮಕ್ಕಳು ಇದರಲ್ಲಿ ಗಂಡುಹುಡುಗರ ಮಾನ ತೆಗೆಯುತ್ತಿದ್ದರು. ಚುರುಕಿಗೆ ಹತ್ತು ಮೀಟರ್ ಆಚೆ ಎರಡು ಮರದ ತುಂಡು ಇಟ್ಟು ಒಂದೊಂದಾಗಿ ಓಡಿ ತರಬೇಕು. ತಿರುಗುವಾಗ ಅರ್ಧ ಜನ ಜಾರಿ ಬೀಳುತ್ತಿದ್ದರು, ಉಳಿದರ್ಧ ನಗುತ್ತಿದ್ದರು. ಕೊನೆಗೆ ದಮ್ಮಿಗೆ ಗೋಮಾಳದ ನಾಲ್ಕು ಸುತ್ತು. ಓಡಿದ ಮೇಲೆ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದರು. ನಾಡಿ ಎಷ್ಟು ಬೇಗ ತಣ್ಣಗಾಗುತ್ತದೋ ಅಷ್ಟು ಒಳ್ಳೆಯ ಎದೆ ಎನ್ನುತ್ತಿದ್ದರು. ಎಲ್ಲವೂ ಅವರ ಉದ್ದನೆಯ ರಿಜಿಸ್ಟರಿನ ಐದು ಕಾಲಮಿನಲ್ಲಿ ಏರುತ್ತಿತ್ತು. ತಿಂಗಳಿಗೊಮ್ಮೆ ಮತ್ತೆ ಅಳತೆ. ಒಬ್ಬನ ಅಂಕಿ ಎರಡು ಸೆಕೆಂಡು ಇಳಿದರೆ ಮೇಷ್ಟ್ರ ಮನೆಯಲ್ಲಿ ಅವತ್ತು ಸಜ್ಜಿಗೆ.

ಆದರೆ ಪರೀಕ್ಷೆಯ ದಿನ ಜಿಲ್ಲೆಯ ಮೈದಾನಕ್ಕೆ ಹೋದ ಹುಡುಗರು ಸೋತು ಬರುತ್ತಿದ್ದರು. ಎಲ್ಲರೂ ಅಲ್ಲ. ತೀರಾ ಚೆನ್ನಾಗಿ ಓಡುವವರು ಗೆದ್ದರು. ಅಂಥ ಹತ್ತೊಂಬತ್ತು ಜನ ಖಾಕಿ ಹಾಕಿದರು, ಅವರಿಂದಲೇ ಮೇಷ್ಟ್ರ ಹೆಸರು ಉಳಿಯಿತು. ಗೋಮಾಳದಲ್ಲಿ ಆರು ನಿಮಿಷ ಹತ್ತು ಸೆಕೆಂಡಿಗೆ ಮುಗಿಸುತ್ತಿದ್ದವರು ಮಾತ್ರ ಅಲ್ಲಿ ಆರು ಮೂವತ್ತಮೂರು, ಆರು ಮೂವತ್ತಾರು. ಮೊದಲ ಸಲ, ಬೇರೆ ಮಣ್ಣು, ಹಾಗಾಯಿತು ಎಂದರು. ಎರಡನೇ ಸಲ, ಜನ ನೋಡಿ ಗಾಬರಿಯಾದರು ಎಂದರು. ಮೂರನೇ ಸಲ ಮೇಷ್ಟ್ರಿಗೆ ರೇಗಿತು. ರಿಜಿಸ್ಟರು ತೆಗೆದು ಗೆರೆ ಎಳೆದು ಆರನೇ ಕಾಲಮ್ಮು ಮಾಡಿದರು. ತಲೆಬರಹ: ಎದೆಗಾರಿಕೆ. ಇಲ್ಲಿ ಗೆದ್ದು ಅಲ್ಲಿ ಸೋತವನಿಗೆ ಅದರಲ್ಲಿ ಸೊನ್ನೆ. ಎಲ್ಲರ ಎದುರು ನಿಲ್ಲಿಸಿ ಸೊನ್ನೆ ಓದಿ ಹೇಳುತ್ತಿದ್ದರು. ಹೇಳಿದರೆ ರೋಷ ಬರುತ್ತದೆ, ಮುಂದಿನ ಸಲ ಗೆಲ್ಲುತ್ತಾನೆ ಎಂಬುದು ಅವರ ನಂಬಿಕೆ. ಮೇಷ್ಟ್ರು ಕೆಟ್ಟವರಲ್ಲ. ಆದರೆ ತನ್ನ ಅಳತೆಯ ಮೇಲೆ ಇಷ್ಟು ನಂಬಿಕೆ ಇಟ್ಟವನಿಗೆ ಎದುರಿನ ಮನುಷ್ಯನಲ್ಲೇ ಐಬು ಕಾಣುತ್ತದೆ, ಬೇರೆ ದಾರಿಯೇ ಇರುವುದಿಲ್ಲ.

ಹೀಗೆ ಸೊನ್ನೆ ತೆಗೆದುಕೊಂಡವರಲ್ಲಿ ಒಬ್ಬ ಶಿವಶಂಕರ. ಶಿಕಾರಿಪುರದ ಕಡೆಯ ಕುರಿ ಸಾಕುವ ಮನೆಯ ಹುಡುಗ. ಸೊರಬದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಗೋಮಾಳಕ್ಕೆ ಬರುತ್ತಿದ್ದ. ಕುರಿಯ ಹಿಂದೆ ನಡೆದು ಬೆಳೆದ ಕಾಲು, ಮೂರನೇ ಸುತ್ತಿನಲ್ಲೂ ಮಾತಾಡುತ್ತ ಓಡುತ್ತಿದ್ದ. ಮಾತಿಗೊಮ್ಮೆ ನಗು. ಅವನಪ್ಪ ಚಿಕ್ಕಬೀರಪ್ಪ ಒಮ್ಮೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಮಗ ಓಡುವುದನ್ನು ನೋಡುತ್ತ ನಿಂತಿದ್ದರು. "ನಮ್ ಹುಡ್ಗ ಪೋಲಿಸ್ ಆಕ್ಕಾನೇನ್ರಿ ಮೇಷ್ಟ್ರೇ?" ಎಂದು ಕೇಳಿದರು. "ಆಗದೆ ಏನು ಯಜಮಾನ್ರೇ, ಬಟ್ಟೆಗೆ ಅಳತೆ ಕೊಡಿ" ಎಂದಿದ್ದರು ಮೇಷ್ಟ್ರು.

ಶಿವಶಂಕರ ಮೂರು ಸಲ ಲಿಖಿತ ಪರೀಕ್ಷೆ ಪಾಸಾದ. ಮೂರು ಸಲವೂ ಓಟದಲ್ಲಿ ಹೋದ. ತಡವಾದದ್ದು ಐದು ಸೆಕೆಂಡು, ಮೂರು ಸೆಕೆಂಡು, ನಾಲ್ಕು ಸೆಕೆಂಡು. ಮೂರನೆಯ ಸಲಕ್ಕೆ ವಯಸ್ಸಿನ ಮಿತಿಯೂ ಮುಗಿಯಿತು. ಚಿಕ್ಕಬೀರಪ್ಪ ಮತ್ತೆ ಸೊರಬಕ್ಕೆ ಬಂದರು. ಜಗಳಕ್ಕಲ್ಲ, ತಿಳಿದುಕೊಳ್ಳಲು. "ಎಲ್ಲಿ ಕಮ್ಮಿ ಬಿತ್ರಿ ನಮ್ಮ ಹುಡ್ಗಗ?" ಎಂದರು. ಮೇಷ್ಟ್ರು ರಿಜಿಸ್ಟರು ಬಿಡಿಸಿ ಐದು ಕಾಲಮ್ಮು ತೋರಿಸಿದರು, ಎಲ್ಲ ಚಿನ್ನದಂಥ ಅಂಕಿ. ಆಮೇಲೆ ಆರನೆಯದರ ಮೇಲೆ ಬೆರಳಿಟ್ಟರು. "ಮೈಯಲ್ಲಿ ಎಲ್ಲ ಇದೆ ಯಜಮಾನ್ರೇ. ಎದೆಯಲ್ಲಿಲ್ಲ. ಅಲ್ಲಿ ಹೋಗಿ ನಿಂತ ಕೂಡ್ಲೇ ಹೆದರ್ತಾನೆ." ಚಿಕ್ಕಬೀರಪ್ಪನವರಿಗೆ ಓದು ಬರುತ್ತಿರಲಿಲ್ಲ. ಸೊನ್ನೆ ಮಾತ್ರ ಗೊತ್ತಾಗುತ್ತಿತ್ತು. "ಹೌದ್ರಿ, ಸಣ್ಣಾಂವ ಇದ್ದಾಗ್ಲೂ ಗುಡುಗಿಗೆ ಅಂಜತಿದ್ದ" ಎಂದು ಒಪ್ಪಿಕೊಂಡು ಬಸ್ಸು ಹತ್ತಿದರು.

ಇದೆಲ್ಲ ಆಗಿ ಎಂಟೊಂಬತ್ತು ವರ್ಷವಾಗಿತ್ತು. ಮೇಷ್ಟ್ರು ನಿವೃತ್ತರಾದರು, ಶಾಲು ಹಾರ ಆಯಿತು, ಗೋಮಾಳದ ಬೆಳಗು ಮಾತ್ರ ನಿಲ್ಲಲಿಲ್ಲ. ಹೋದ ಯುಗಾದಿಯ ಹೊತ್ತಿಗೆ ಕುಪ್ಪಗಡ್ಡೆಯಿಂದ ಮಧುಶ್ರೀ ಎಂಬ ಹುಡುಗಿ ಅರಣ್ಯ ಇಲಾಖೆಯ ಪರೀಕ್ಷೆಗೆಂದು ಬರತೊಡಗಿದಳು. ಅವಳ ಕೈಯಲ್ಲಿ ದೂರ ತೋರಿಸುವ ಗಡಿಯಾರವಿತ್ತು. ಒಂದು ದಿನ ನಾಲ್ಕು ಸುತ್ತು ಮುಗಿಸಿ ಏದುಸಿರು ಬಿಡುತ್ತ ಬಂದು, "ಸರ್, ಒಂದೂವರೆ ಕಿಲೋಮೀಟರೇ ಆಗಿದ್ದು" ಎಂದಳು.

"ನಿನ್ನ ಗಡಿಯಾರಕ್ಕೆ ಸೊರಬದ ಗೋಮಾಳ ಎಂತ ಗೊತ್ತು? ಇದು ಸರ್ಕಾರದ ಸರಪಳಿಯಲ್ಲಿ ಅಳೆದದ್ದು" ಎಂದರು ಮೇಷ್ಟ್ರು. ಹುಡುಗರು ನಕ್ಕರು. ಅವಳು ಎದುರು ಮಾತಾಡಲಿಲ್ಲ. ಮರುದಿನವೂ ಓಡಿ ಗಡಿಯಾರ ನೋಡಿಕೊಂಡಳು, ಅದರ ಮರುದಿನವೂ. ಅವಳ ಆ ಸುಮ್ಮನಿರುವಿಕೆ ಮೇಷ್ಟ್ರನ್ನು ಕೊರೆಯಿತು. ಹಬ್ಬವಾಗಿ ಎಂಟನೇ ದಿನ, ಮಧ್ಯಾಹ್ನದ ಬಿಸಿಲಿಗೆ ಗೋಮಾಳದಲ್ಲಿ ದನವೂ ಇಲ್ಲದ ಹೊತ್ತು ನೋಡಿ, ಉದ್ದಜಿಗಿತಕ್ಕೆಂದು ಆಮೇಲೆ ಕೊಂಡಿದ್ದ ಮೂವತ್ತು ಮೀಟರಿನ ಟೇಪು ಹಿಡಿದು ಒಬ್ಬರೇ ಹೋದರು. ಇಪ್ಪತ್ತು ವರ್ಷ ಆ ಟೇಪಿನಲ್ಲಿ ಐವತ್ತು ಮೀಟರ್ ಅಳೆದಿದ್ದರು, ಜಿಗಿತ ಅಳೆದಿದ್ದರು. ಸುತ್ತನ್ನು ಅಳೆಯಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಅಪ್ಪ ನೆಟ್ಟ ಕಲ್ಲು ಅದು.

ಮುನ್ನೂರ ಎಪ್ಪತ್ತೈದು ಮೀಟರ್. ಎರಡು ಸಲ ಅಳೆದರು, ಅಷ್ಟೇ. ಸುತ್ತಿಗೆ ಇಪ್ಪತ್ತೈದು ಮೀಟರ್ ಕಡಿಮೆ, ನಾಲ್ಕು ಸುತ್ತಿಗೆ ನೂರು. ಆ ಓಟದಲ್ಲಿ ನೂರು ಮೀಟರ್ ಅಂದರೆ ಇಪ್ಪತ್ತನಾಲ್ಕು ಇಪ್ಪತ್ತೈದು ಸೆಕೆಂಡು. ಗೋಮಾಳದ ಆರು ಹತ್ತು ಅಂದರೆ ಜಿಲ್ಲಾ ಮೈದಾನದ ಆರು ಮೂವತ್ನಾಲ್ಕು.

ಮನೆಗೆ ಬಂದು ಅಟ್ಟದಿಂದ ಸರಪಳಿ ಇಳಿಸಿ ಪಡಸಾಲೆಯಲ್ಲಿ ಹರಡಿ ತುಂಡು ಎಣಿಸಿದರು. ಹದಿನೈದು. ನಡುವೆ ಒಂದು ಕಡೆ ಬೆಸುಗೆಯ ಗಂಟು ಕೈಗೆ ಸಿಕ್ಕಿತು. ಆ ಗಂಟು ಮುಟ್ಟಿದ ಕೂಡಲೇ ಅವರಿಗೆ ಎಲ್ಲ ನೆನಪಾಯಿತು. ಅವರು ಹತ್ತು ವರ್ಷದವರಿದ್ದಾಗ ಅವ್ವ ಹುಚ್ಚೆದ್ದ ಎಮ್ಮೆಯನ್ನು ಇದೇ ಸರಪಳಿಯಲ್ಲಿ ಕಟ್ಟಿದ್ದಳು. ಎಮ್ಮೆ ಕಿತ್ತುಕೊಂಡು ಹೋಗಿ ಒಂದು ತುಂಡು ಸೊಟ್ಟಗಾಗಿ ಹರಿದಿತ್ತು. ಅಪ್ಪ ಬರುವುದರೊಳಗೆ ಸರಿಮಾಡಿಸಿಕೊಂಡು ಬಾ ಎಂದು ಉಜ್ಜನನ್ನೇ ಕಮ್ಮಾರನ ಹತ್ತಿರ ಅಟ್ಟಿದ್ದಳು. ಕಮ್ಮಾರ ಸೊಟ್ಟ ತುಂಡನ್ನು ಕಿತ್ತೆಸೆದು ಎರಡು ಕೊನೆ ಸೇರಿಸಿ ಬೆಸೆದ. "ಒಂದು ತುಂಡು ಹೋದ್ರೆ ಎಮ್ಮೆಗೆ ಎಂತ ಆಗ್ತದೆ" ಎಂದಿದ್ದ. ಹೊಡೆತ ತಪ್ಪಿತಲ್ಲ ಎಂದು ಹುಡುಗ ಓಡಿಕೊಂಡು ಮನೆಗೆ ಬಂದಿದ್ದ. ಅಪ್ಪನಿಗೆ ಅವ್ವನೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

ಮರುದಿನವೇ ಮೇಷ್ಟ್ರು ಕಲ್ಲು ಕಿತ್ತು ಸರಿಯಾದ ಕಡೆ ನೆಟ್ಟರು. ಹುಡುಗರಿಗೆ "ಹೊಸ ನಿಯಮ ಬಂದಿದೆ" ಎಂದರು. ಮಧುಶ್ರೀ ಅವರ ಮುಖ ನೋಡಿ ತಲೆ ತಗ್ಗಿಸಿದಳು. ಆ ವರ್ಷ ಹೋದ ಆರರಲ್ಲಿ ಐವರು ಗೆದ್ದರು, ಅವಳೂ ಗೆದ್ದಳು. ಸಿಹಿ ಹಂಚಲು ಬಂದಾಗ ಮೇಷ್ಟ್ರು ಪೇಡವನ್ನು ಕಿಸೆಗೆ ಹಾಕಿಕೊಂಡರು. ರಿಜಿಸ್ಟರಿನ ಆರನೇ ಕಾಲಮಿನಲ್ಲಿ ನಲವತ್ತೊಂದು ಸೊನ್ನೆಗಳಿದ್ದವು. ದುರುಗಮ್ಮನ ಹತ್ತಿರ ಹೇಳಿಕೊಂಡರು. "ಹೋಗಿ ಹೇಳಿ ಬನ್ನಿ. ಬೈದ್ರೆ ಬೈಸ್ಕೊಳಿ" ಎಂದರು ಆಕೆ. ಹೋಗಬೇಕು ಎಂದರು ಮೇಷ್ಟ್ರು. ಭತ್ತದ ನಾಟಿ ಮುಗಿಯಲಿ ಎಂದರು, ಗಣಪತಿ ಹಬ್ಬ ಕಳೆಯಲಿ ಎಂದರು. ಅಪ್ಪನ ಹೆಸರು ಹಾಳಾಗುತ್ತದೆ ಎಂದು ಒಂದು ದಿನ, ಈಗ ಹೇಳಿ ಯಾರ ನೌಕರಿ ಬರುತ್ತದೆ ಎಂದು ಒಂದು ದಿನ. ನಿಜ ಹೇಳಬೇಕೆಂದರೆ ಅವರಿಗೆ ಹೆದರಿಕೆಯಾಗಿತ್ತು. ನಾಚಿಕೆಯಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಏನೋ ಕೆಲಸಕ್ಕೆಂದು ಶಿಕಾರಿಪುರಕ್ಕೆ ಹೋದಾಗ ಬಸ್ ನಿಲ್ದಾಣದಲ್ಲಿ ಯಾರೋ ಕಾಲಿಗೆ ಬಿದ್ದರು. ಮೈ ಸ್ವಲ್ಪ ಬಂದಿದೆ, ಕೂದಲು ಅಲ್ಲಲ್ಲಿ ನೆರೆತಿದೆ, ನಗು ಅದೇ. "ಗುರುತು ಸಿಕ್ತೇನ್ರಿ ಸರ್? ಎದೆಗಾರಿಕೆ ಕಾಲಮಿನಾಗ ಮೂರು ಸೊನ್ನೆ ತಗಂಡಾಂವ" ಎಂದ ಶಿವಶಂಕರ. ಜೊತೆಯಲ್ಲಿದ್ದ ಗೆಳೆಯನಿಗೆ, "ನಮ್ ಸರು. ಇವ್ರು ಕೊಡಬೇಕಾದ್ದೆಲ್ಲ ಕೊಟ್ರು, ನನ್ನತ್ರನೇ ಅದು ಇರ್ಲಿಲ್ಲ" ಎಂದು ಪರಿಚಯ ಮಾಡಿಸಿದ. ಚಹಾ ಕುಡಿಸಿದ. ಅವನ ಬಾಯಲ್ಲಿ ಆ ಮಾತು ತನ್ನ ಊರಿನ ಹೆಸರು ಹೇಳಿದಷ್ಟು ಸಲೀಸಾಗಿ ಬಂದಿತ್ತು. ಅವತ್ತು ಮೇಷ್ಟ್ರು ಬಾಯಿ ಬಿಡಲಾಗದೆ ಸೊರಬಕ್ಕೆ ವಾಪಸಾದರು. ಮೂರನೇ ದಿನ ಅವನ ಊರಿಗೆ ಹೊರಟರು.

ಮನೆ ಮುಂದೆ ಹಟ್ಟಿಯಲ್ಲಿ ಮರಿಗಳು ಅರಚುತ್ತಿದ್ದವು. ಶಿವಶಂಕರ ಓಡಿ ಬಂದು ಚಾಪೆ ಹಾಸಿದ. "ಯಜಮಾನ್ರು ಎಲ್ಲಿ?" ಎಂದರು ಮೇಷ್ಟ್ರು. ಅವರೂ ಇದ್ದರೆ ಒಂದೇ ಸಲ ಹೇಳಿ ಮುಗಿಸಬಹುದು ಎಂದುಕೊಂಡಿದ್ದರು.

"ಅಪ್ಪ ಹೋದ್ರು ಸರ್. ನಿಮಗ ಸುದ್ದಿ ಮುಟ್ಟಿಲ್ಲೇನು?"

ಮೇಷ್ಟ್ರು ಗೋಡೆಗೆ ಒರಗಿದರು. ಎದ್ದು ಹೋಗಿಬಿಡೋಣ ಎನ್ನಿಸಿತು. ಹೋಗಲಿಲ್ಲ. ಎಮ್ಮೆ, ಕಮ್ಮಾರ, ಸರಪಳಿ, ಕಲ್ಲು, ಎಲ್ಲವನ್ನೂ ನೆಲ ನೋಡುತ್ತ ಹೇಳಿದರು. "ನೀನು ಹೆದರಿರಲಿಲ್ಲ ಶಿವೂ. ನಾನು ನಿನ್ನನ್ನ ನೂರು ಮೀಟರ್ ಕಡಿಮೆ ಓಡಿಸಿ ಕಳಿಸಿದ್ದೆ. ತಪ್ಪು ನಂದು" ಎಂದರು.

ಶಿವಶಂಕರ ಮೊದಲು ನಗಲು ನೋಡಿದ, ಆಗಲಿಲ್ಲ. "ಸರ್" ಎಂದ ಕೊನೆಗೆ. "ಮೂರನೇ ಸಲ ಓಡಿದಾಗ ನನ್ನತ್ರ ಉಸಿರಿತ್ರಿ. ಕೊನೇ ಸುತ್ತಿನಾಗ ಇನ್ನೂ ಜೋರು ಓಡಬಹುದಿತ್ತು. ಗೋಮಾಳದಾಗ ಎಷ್ಟು ಓಡ್ತೀಯೋ ಅಷ್ಟೇ ಓಡು, ಸಾಕು, ಮೈ ಕೆಡಿಸ್ಕಬ್ಯಾಡ ಅಂತ ನೀವು ಹೇಳಿದ್ರಿ. ಅದಕ್ಕ ತಡಕಂಡೆ. ನಾಕು ಸೆಕೆಂಡು ಇತ್ರಿ ನನ್ನತ್ರ." ಅವನು ದೂರುವ ದನಿಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಅರವತ್ತಮೂರು ವರ್ಷದ ಮನುಷ್ಯ ಮಗುವಿನ ಹಾಗೆ ಅತ್ತುಬಿಟ್ಟರು.

ಬಾಗಿಲಲ್ಲಿ ಅವನ ತಾಯಿ ಹೂವಮ್ಮ ಚಹಾದ ಲೋಟ ಹಿಡಿದು ನಿಂತಿದ್ದರು. ಯಾವಾಗ ಬಂದು ನಿಂತರೋ, ಎಷ್ಟು ಕೇಳಿದರೋ. ಶಿವಶಂಕರ, "ಏನಿಲ್ಲಬೇ, ನೀ ಒಳಗ ನಡಿ" ಎಂದ. ಆಕೆ ಹೋಗಲಿಲ್ಲ. ಲೋಟವನ್ನು ನೆಲಕ್ಕಿಟ್ಟು ಅಲ್ಲೇ ಕೂತರು.

"ಹಂಗಾದ್ರ ನಮ್ ಹುಡ್ಗ ಅಂಜಿಲ್ಲೇನ್ರಿ?"

"ಇಲ್ಲ ಹೂವಮ್ಮ. ಅಂಜಿರಲಿಲ್ಲ."

"ಅವರಪ್ಪ ಅದನ್ನ ಬಾಳ ಹಚ್ಕಂಡಿದ್ರು" ಎಂದರು ಹೂವಮ್ಮ. "ಕಡೀಕ್ಕೆ ಮಾತು ನಿಂದ್ರೋ ಹೊತ್ತಿನಾಗ ಸೈತ ನನ್ನ ಕೈ ಹಿಡ್ಕಂಡು ಅದನ್ನೇ ಅಂದ್ರು. ಹುಡ್ಗಗ ಧೈರ್ಯ ಕಮ್ಮಿ, ನೀ ಅವನ್ನ ಒಬ್ಬನ್ನೇ ಬಿಡಬ್ಯಾಡ ಅಂತ." ಶಿವಶಂಕರ ಎದ್ದು ಹಟ್ಟಿಯ ಕಡೆ ಹೋದ. ಹೂವಮ್ಮ ಅವನು ಹೋದ ಕಡೆಯೇ ನೋಡುತ್ತಿದ್ದು, ಆಮೇಲೆ ತಿರುಗಿ ಕೇಳಿದರು, "ಇದು ನಿಮಗ ಯಾವಾಗ ಗೊತ್ತಾತ್ರಿ ಮೇಷ್ಟ್ರೇ?"

ಮೊನ್ನೆ ಎಂದಿದ್ದರೆ ಆಕೆ ನಂಬುತ್ತಿದ್ದರು. ಮೇಷ್ಟ್ರಿಗೆ ಅದು ಹೊಳೆಯಿತು ಕೂಡ.

"ಹೋದ ಯುಗಾದಿ ಆಗಿ ಎಂಟು ದಿನಕ್ಕೆ" ಎಂದರು.

ಹೂವಮ್ಮ ಬೆರಳಿನ ಗೆಣ್ಣು ಹಿಡಿದು ಯುಗಾದಿಯಿಂದ ಒಂದೊಂದೇ ತಿಂಗಳು ಎಣಿಸಿದರು. ಎಣಿಸಿ ಮುಗಿದ ಮೇಲೂ ಬೆರಳು ಬಿಡಲಿಲ್ಲ.

"ಅವ್ರು ಹೋಗಿದ್ದು ದೀಪಾವಳಿಗೆ ನಾಕು ದಿನ ಇರೋವಾಗ್ರಿ" ಎಂದರು. "ಆರು ತಿಂಗ್ಳು ಇದ್ರಲ್ರೀ ಮೇಷ್ಟ್ರೇ. ಇಲ್ಲೇ, ಈ ಕಟ್ಟಿ ಮ್ಯಾಲೆ ಕುಂತಿರ್ತಿದ್ರು."

ಆ ಆರು ತಿಂಗಳೂ ಸೊರಬದಿಂದ ಶಿಕಾರಿಪುರಕ್ಕೆ ದಿನವೂ ಬಸ್ಸಿತ್ತು.